ಮೂರು ವಾರದ ರಜೆಯಲ್ಲಿ ಹಲ್ಲಿನ ಇಂಪ್ಲಾಂಟ್ ಮುಗಿಯುತ್ತದೆಯೇ?

ಪ್ರಶ್ನೆ, ಫೀನಿಕ್ಸ್‌ನಿಂದ: ಕೆಳದವಡೆಯ ಎರಡು ಹಲ್ಲು ಕೀಳಿಸಿ ಎಂಟು ತಿಂಗಳಾಯಿತು. ಇಲ್ಲಿ ಒಂದೊಂದು ಇಂಪ್ಲಾಂಟಿಗೆ (ದವಡೆಯ ಮೂಳೆಯೊಳಗೆ ತಿರುಪು, ಅದರ ಮೇಲೆ ಕೃತಕ ಹಲ್ಲಿನ ಕ್ಯಾಪ್) 4,200 ಡಾಲರ್ ಕೇಳುತ್ತಿದ್ದಾರೆ. ನನ್ನ ವಿಮೆ ವರ್ಷಕ್ಕೆ ಕೊಡುವುದು 1,500 ಮಾತ್ರ. ಡಿಸೆಂಬರಿನಲ್ಲಿ ಮೂರು ವಾರ ಮೈಸೂರಿನಲ್ಲಿರುತ್ತೇನೆ. ಅಲ್ಲೇ ಮುಗಿಸಿಕೊಂಡು ಬರಬಹುದೇ? ಮಾಡಿಸಿಕೊಂಡವರು ಹೇಳಿ.

ನ್ಯೂಜೆರ್ಸಿಯಿಂದ: ಮುಗಿಯುವುದಿಲ್ಲ, ಅರ್ಧವಾಗುತ್ತದೆ. ಟೈಟಾನಿಯಂ ತಿರುಪನ್ನು ಮೂಳೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಕೆಳದವಡೆಯಲ್ಲಿ ಮೂರು ತಿಂಗಳಾದರೂ ಬೇಕು, ಮೇಲಿನದರಲ್ಲಿ ಇನ್ನೂ ಹೆಚ್ಚು. ಕ್ಯಾಪ್ ಆಮೇಲೆ. ನಾನು ಯುಗಾದಿಗೆ ತಿರುಪು, ದಸರೆಗೆ ಕ್ಯಾಪ್ ಹಾಕಿಸಿಕೊಂಡೆ. ಬೆಂಗಳೂರಿನಲ್ಲಿ ಎಲ್ಲ ಸೇರಿ 45,000 ರೂಪಾಯಿ ಆಯಿತು. ಹಲ್ಲಿಗೆಂದೇ ಎರಡು ಸಲ ವಿಮಾನ ಹತ್ತಿದ್ದರೆ ಅಸಲಿಗೇ ಮೋಸ. ಹೇಗಿದ್ದರೂ ಅಮ್ಮನನ್ನು ನೋಡಲು ಹೋಗುವವಳಾದ್ದರಿಂದ ಉಳಿಯಿತು. (ಇನ್ನೊಂದು ಹಲ್ಲು ಯಾವಾಗ ಎಂದು ಅಮ್ಮ ಕೇಳುತ್ತಿರುತ್ತಾರೆ.) ಇಳಿದ ಮಾರನೆಯ ದಿನವೇ ಸ್ಕ್ಯಾನ್ ಮಾಡಿಸಿ. ಹೊಲಿಗೆ ಬಿಚ್ಚಲು ವಾರ, ಹತ್ತು ದಿನ ಹಿಡಿಯುತ್ತದೆ. ಹಬ್ಬದ ದಿನ ಮನೆಯವರೆಲ್ಲ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದಾಗ ನಾನು ಆರಿದ ಗಂಜಿ ಕುಡಿಯುತ್ತಿದ್ದೆ.

ಟೆಕ್ಸಸ್‌ನಿಂದ: ಊರಿನಲ್ಲಿ ಹಾಕಿಸಿದ ಕ್ಯಾಪ್ ಎರಡನೇ ವರ್ಷಕ್ಕೆ ಅಲುಗಾಡಿತು. ಇಲ್ಲಿನ ವೈದ್ಯರು ಎಕ್ಸ್‌ರೇ ನೋಡಿ, "ಯಾವ ಕಂಪನಿಯದು?" ಎಂದರು. ಕಂಪನಿ ಬದಲಾದರೆ ಬಿಗಿಯುವ ಉಪಕರಣವೂ ಬದಲಾಗುತ್ತದಂತೆ. ನನಗೇನು ಗೊತ್ತು! ಊರಿನ ಕ್ಲಿನಿಕ್ಕಿಗೆ ರಾತ್ರಿಯೆಲ್ಲ ಫೋನ್ ಮಾಡಿದರೆ ಹಳೆಯ ಕಡತ ಸಿಗಲಿಲ್ಲ ಎಂದರು. ತಿರುಪಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಪಾಸ್‌ಪೋರ್ಟಿನೊಂದಿಗೆ ಇಟ್ಟುಕೊಳ್ಳಿ.

ಸ್ಯಾನ್ ಡಿಯಾಗೊದಿಂದ: ಫೀನಿಕ್ಸ್‌ನಲ್ಲಿದ್ದುಕೊಂಡು ಮೈಸೂರೇ ಏಕೆ? ನಿಮ್ಮ ಅರಿಜೋನಾದ ಗಡಿಯೂರು ಯೂಮಾದ ಪಕ್ಕದಲ್ಲೇ ಮೆಕ್ಸಿಕೊದ ಲಾಸ್ ಆಲ್ಗೊಡೋನೆಸ್ ಇದೆ. ಹೆಜ್ಜೆಗೊಬ್ಬ ದಂತವೈದ್ಯ, 'ಮೋಲಾರ್ ಸಿಟಿ' (ದವಡೆಹಲ್ಲಿನ ಊರು) ಎಂದೇ ಹೆಸರು. ಕಾರನ್ನು ಅಮೆರಿಕದ ಬದಿಯಲ್ಲೇ ನಿಲ್ಲಿಸಿ ನಡೆದು ಗಡಿ ದಾಟಿದೆ. ಮರಳುವಾಗ ಸಾಲಿನಲ್ಲಿ ನಿಂತು ಕಾಲು ಸೋತಿತು, ಆದರೆ ತೊಂದರೆಯಾದರೆ ಮರುವಾರವೇ ಹೋಗಬಹುದು. ಅಮೆರಿಕದ ವೀಸಾದ ಅವಧಿ ಮುಗಿದಿದ್ದರೆ ಗಡಿ ದಾಟುವ ಮೊದಲು ವಕೀಲರನ್ನು ವಿಚಾರಿಸಿ.

ಫೀನಿಕ್ಸ್‌ನಿಂದ: ಎಲ್ಲರಿಗೂ ವಂದನೆ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ನುಂಗುತ್ತಿದ್ದೇನೆ. ಅದೇನೂ ಅಡ್ಡಿಯಾಗದು ತಾನೇ?

ನ್ಯೂಜೆರ್ಸಿಯಿಂದ: ಅದನ್ನು ಮೊದಲೇ ಹೇಳಬಾರದಿತ್ತೇ! ಅಲೆಂಡ್ರೊನೇಟ್‌ನಂಥದ್ದಾದರೆ, ಅಪರೂಪಕ್ಕಾದರೂ, ದವಡೆಯ ಗಾಯ ಮಾಯದೆ ಮೂಳೆ ಕೆಡುವುದುಂಟು. ನೀವಾಗಿಯೇ ನಿಲ್ಲಿಸಬೇಡಿ. ಟಿಕೆಟ್ ತೆಗೆಯುವ ಮುನ್ನ ಮಾತ್ರೆ ಬರೆದ ವೈದ್ಯರಿಗೂ ಮೈಸೂರಿನ ದಂತವೈದ್ಯರಿಗೂ ತಿಳಿಸಿ.