‘ನೈಸ್’ ಅಂದರೆ ಮೊದಲು ದಡ್ಡ ಅಂತಲೇ?

ಪ್ರಶ್ನೆ: ಹಳೇ ಇಂಗ್ಲಿಷ್ ತೀರ್ಪೊಂದನ್ನು ಕನ್ನಡಕ್ಕೆ ತರಬೇಕಿದೆ. ಅದರಲ್ಲಿ ‘ಎ ನೈಸ್ ಪಾಯಿಂಟ್ ಆಫ್ ಲಾ’ ಅಂತಿದೆ. ‘ಒಳ್ಳೆಯ ಅಂಶ’ ಅಂದರೆ ಮುಂದಿನ ವಾಕ್ಯಕ್ಕೆ ಕೂಡುತ್ತಿಲ್ಲ. ನಿಘಂಟು ತೆಗೆದರೆ ಮೂಲಾರ್ಥ ‘ದಡ್ಡ’ ಅಂತಿದೆ! ಯಾವುದನ್ನು ಹಿಡಿಯಲಿ?

ಉತ್ತರ 1: ಎರಡೂ ಬೇಡ. ‘ಕಾನೂನಿನ ಸೂಕ್ಷ್ಮ ಪ್ರಶ್ನೆ’ ಅನ್ನಿ. ಕೂದಲು ಸೀಳಿ ನೋಡಬೇಕಾದಂಥದ್ದು.

ದಡ್ಡ ಅನ್ನೋದೂ ಸುಳ್ಳಲ್ಲ. ಲ್ಯಾಟಿನ್‌ನಲ್ಲಿ ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ಅರಿಯುವುದು. ‘ನೆಸ್ಕಿಯುಸ್’ ಅಂದರೆ ಅರಿಯದವನು, ನಮ್ಮ ‘ಅಜ್ಞ’ ಇದ್ದ ಹಾಗೆ. ಅದು ಹಳೆಯ ಫ್ರೆಂಚಿನಲ್ಲಿ ಸವೆದು, 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ಅರ್ಥ ಪೆದ್ದ ಅಂತಲೇ. ಆಮೇಲೆ ಎಲ್ಲದಕ್ಕೂ ಮೂಗು ಮುರಿಯುವ ನಾಜೂಕಿನವರಿಗೆ ಅಂಟಿಕೊಂಡಿತು. ನಾಜೂಕಿನಿಂದ ಸೂಕ್ಷ್ಮ, ಕರಾರುವಾಕ್ಕು. ‘ಹಿತವಾದ’ ಎಂಬ ಅರ್ಥ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ‘ಸೈನ್ಸ್’ ಹುಟ್ಟಿದ್ದೂ ಅದೇ ಸ್ಕೀರೆಯಿಂದ, ಇಬ್ಬರೂ ದಾಯಾದಿಗಳು.

ಉತ್ತರ 2: ಅನುವಾದಕ್ಕೆ ಕೂತಾಗ ಪಕ್ಕದ ಪದ ನೋಡಿ. ಪಾಯಿಂಟ್, ಡಿಸ್ಟಿಂಕ್ಷನ್, ಕ್ವೆಶ್ಚನ್ ಇದ್ದರೆ ಇವತ್ತಿನ ಬರಹದಲ್ಲೂ ‘ಸೂಕ್ಷ್ಮ’ವೇ ಇರಬಹುದು. ಹಳೆಯ ಬರಹದಲ್ಲಿ ಯಾರನ್ನಾದರೂ ‘ಟೂ ನೈಸ್’ ಅಂದರೆ ತೀರಾ ಒಳ್ಳೆಯವರಲ್ಲ, ಅತಿ ಮಡಿವಂತರು. ‘ನೈಸಿಟಿ’ ಅಂದರೆ ಸೂಕ್ಷ್ಮ ಅಂಶ; ಅದರಲ್ಲಿ ಈ ಹಳೇ ಅರ್ಥ ಇನ್ನೂ ಉಳಿದಿದೆ. ಎಲ್ಲದಕ್ಕೂ ನೈಸ್ ಅನ್ನುವ ಚಾಳಿಯನ್ನು ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ತನ್ನ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲೇ ಗೇಲಿ ಮಾಡಿದ್ದಾಳೆ. ಅಂದರೆ ಈ ದೂರಿಗೆ 200 ವರ್ಷ ದಾಟಿದೆ.

ಉತ್ತರ 3: ಪೆದ್ದನಿಂದ ಹಿತಕ್ಕೆ ಹೇಗಪ್ಪಾ ಅಂತ ಬೆರಗಾಗಬೇಕಿಲ್ಲ. ‘ಮುಗ್ಧ’, ‘ಮೂಢ’ ಎರಡೂ ಸಂಸ್ಕೃತದ ‘ಮುಹ್’ ಧಾತುವಿನವೇ. ಮಂಕು ಕವಿಯುವುದು ಅಂತ ಅರ್ಥ. ಒಂದು ಬೈಗುಳವಾಗಿ ಉಳಿಯಿತು, ಇನ್ನೊಂದು ಮಗುವಿನ ನಗೆಗೆ ಹೊಂದಿತು. ಇಂಗ್ಲಿಷಿನ ‘ಸಿಲ್ಲಿ’ಯದ್ದು ಉಲ್ಟಾ ದಾರಿ: ಮೊದಲು ಧನ್ಯ, ಆಮೇಲೆ ಪಾಪದವ, ಕೊನೆಗೆ ಪೆದ್ದ.

ಉತ್ತರ 4: ನಮ್ಮ ಬಾಯಲ್ಲಿ ಅದು ಇನ್ನೂ ಒಂದು ಸುತ್ತು ತಿರುಗಿದೆ. ಗಿರಣಿಯಲ್ಲಿ ‘ನೈಸಾಗಿ ಬೀಸಿ’ ಅಂದರೆ ನುಣ್ಣಗೆ; ತರಿತರಿಯಾಗಿದ್ದರೆ ನೈಸಲ್ಲ. ‘ನೈಸ್ ಮಾಡ್ತಾನೆ’ ಅಂದರೆ ಬೆಣ್ಣೆ ಹಚ್ಚುತ್ತಾನೆ, ‘ನೈಸಾಗಿ ಜಾರಿಕೊಂಡ’ ಅಂದರೆ ಯಾರಿಗೂ ಗೊತ್ತಾಗದ ಹಾಗೆ. ಬೆಂಗಳೂರಿನ ನೈಸ್ ರಸ್ತೆಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಹೆಸರಿನ ಮೊದಲಕ್ಷರಗಳು, ಅಷ್ಟೇ.