ಅಪ್‌ಡೇಟ್: ಸಿಮ್ಯುಲೇಶನ್‌ಗೂ ಸೆನ್ಸರ್‌ಗೂ ತಾಳೆಯಾಗದ ಉಷ್ಣಾಂಶದ ಸಮಸ್ಯೆ ಬಗೆಹರಿದಿದೆ

ರ್‍ಯಾಕ್‌ಗಳ ಮೇಲ್ಭಾಗದ ಸರ್ವರ್‌ಗಳಿಗೆ ತಂಪು ಗಾಳಿ ತಲುಪುತ್ತಿದೆ ಎಂದು ನಮ್ಮ ಡೇಟಾ ಸೆಂಟರ್‌ನ ಗಾಳಿಯ ಹರಿವಿನ ಕಂಪ್ಯೂಟರ್ ಸಿಮ್ಯುಲೇಶನ್ ತೋರಿಸುತ್ತಿದ್ದರೂ, ಅಲ್ಲಿನ ಸೆನ್ಸರ್‌ಗಳು ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಸ್ಥೆಯಾದ ಆಶ್ರೇ (ASHRAE) ಶಿಫಾರಸು ಮಾಡುವ 18ರಿಂದ 27 ಡಿಗ್ರಿ ಸೆಲ್ಸಿಯಸ್ ಮಿತಿಯನ್ನು ಮೀರುತ್ತಿರುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಮೆಶ್ಅನ್ನು (ಲೆಕ್ಕಾಚಾರಕ್ಕಾಗಿ ಕೋಣೆಯನ್ನು ವಿಭಜಿಸುವ ಪುಟ್ಟ ಕೋಶಗಳ ಜಾಲವನ್ನು) ಇನ್ನಷ್ಟು ಸೂಕ್ಷ್ಮಗೊಳಿಸಿದ್ದರಿಂದ ಲೆಕ್ಕಾಚಾರದ ಸಮಯ ಹೆಚ್ಚಿತೇ ಹೊರತು ವ್ಯತ್ಯಾಸ ತಗ್ಗಲಿಲ್ಲ. ಗಾಳಿಯ ಸುಳಿಗಳನ್ನು ಅಂದಾಜಿಸುವ ಟರ್ಬುಲೆನ್ಸ್ ಮಾಡೆಲ್ ಬದಲಿಸಿದ್ದೂ ಅಷ್ಟೇ.

ಫಲ ಕೊಟ್ಟದ್ದು ನೆಲದಡಿಯ ತಂಪು ಗಾಳಿಯನ್ನು ಮೇಲಕ್ಕೆ ಬಿಡುವ, ನೆಲದ ರಂಧ್ರದ ಟೈಲ್‌ಗಳನ್ನು ಗಮನಿಸಿ ಎಂಬ ಸಲಹೆ. ಟೈಲ್‌ನ 25 ಶೇಕಡಾ ಭಾಗ ಮಾತ್ರ ತೆರೆದಿದ್ದರೆ, ರಂಧ್ರಗಳಿಂದ ಗಾಳಿ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಚಿಮ್ಮಿ, ಸುತ್ತಲಿನ ಬೆಚ್ಚಗಿನ ಗಾಳಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಇಡೀ ಟೈಲ್‌ಅನ್ನು ಏಕರೂಪದ ತೆರಪಾಗಿ ಪರಿಗಣಿಸಿದ ಮಾದರಿಯಲ್ಲಿ ಈ ಚಿಮ್ಮುವಿಕೆಯ ಬಲವೇ ಕಾಣಿಸುವುದಿಲ್ಲ. ಅದನ್ನು ಮೊಮೆಂಟಮ್ ಸೋರ್ಸ್ (ಗಾಳಿಗೆ ಹೆಚ್ಚುವರಿ ತಳ್ಳುವಿಕೆ ಕೊಡುವ ಅಂಶ) ಆಗಿ ಸೇರಿಸಿದ ಮೇಲೆ ವ್ಯತ್ಯಾಸದ ಬಹುಪಾಲು ಕರಗಿತು; ಬ್ಲ್ಯಾಂಕಿಂಗ್ ಪ್ಯಾನೆಲ್ (ಸರ್ವರ್ ಇಲ್ಲದ ಸ್ಥಾನಗಳನ್ನು ಮುಚ್ಚುವ ಫಲಕ) ಇಲ್ಲದ ಖಾಲಿ ಜಾಗಗಳ ಮೂಲಕ ಹಿಂದಿನಿಂದ ನುಸುಳುವ ಬಿಸಿ ಗಾಳಿಯನ್ನು ಲೆಕ್ಕಕ್ಕೆ ತಂದಾಗ ಉಳಿದದ್ದೂ ಹೊಂದಿಕೊಂಡಿತು.

ನನಗೆ ನಿಜಕ್ಕೂ ಅಚ್ಚರಿ ತಂದದ್ದು ಬೇರೆಯೇ ವಿಷಯ. ಕೂಲಿಂಗ್ ಯೂನಿಟ್‌ಗೆ ತೀರಾ ಹತ್ತಿರದ ಟೈಲ್ ಗಾಳಿಯನ್ನು ಕೊಡುವ ಬದಲು ಒಳಕ್ಕೆ ಹೀರುತ್ತದೆ ಎಂದು ಮಾದರಿ ಹೇಳಿದಾಗ ನಂಬಲಾಗದೆ, ಅದರ ಮೇಲೆ ತೆಳುವಾದ ಕಾಗದದ ಪಟ್ಟಿ ಹಿಡಿದು ನೋಡಿದೆ. ಪಟ್ಟಿ ಕೆಳಕ್ಕೇ ಬಾಗಿ ರಂಧ್ರಗಳಿಗೆ ಅಂಟಿಕೊಂಡಿತು. ನೆಲದಡಿ ಗಾಳಿ ಅತಿ ವೇಗವಾಗಿ ಹರಿಯುವ ಕಡೆ ಒತ್ತಡ ಕೋಣೆಯದಕ್ಕಿಂತ ಕಡಿಮೆಯಾಗುವುದೇ ಇದಕ್ಕೆ ಕಾರಣ. ಆ ಜಾಗಕ್ಕೆ ಈಗ ರಂಧ್ರವಿಲ್ಲದ ಟೈಲ್ ಹಾಕಿಸಿದ್ದೇವೆ.