ಬೆಳಗಿನ ಬಿಸಿಲು ಮಾತ್ರ ಬರುವ ಪುಟ್ಟ ಬಾಲ್ಕನಿ: ತರಕಾರಿ ಬೆಳೆಯಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಬಾಲ್ಕನಿ 8 ಅಡಿ ಉದ್ದ, 4 ಅಡಿ ಅಗಲ ಇದೆ. ಬೆಳಿಗ್ಗೆ ಬಿಸಿಲು ಬೀಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೊರಟು ಹೋಗುತ್ತದೆ. ಕಳೆದ ಸಲ ಆರು ಸಣ್ಣ ಕುಂಡಗಳಲ್ಲಿ ಟೊಮೆಟೊ ಹಾಕಿದ್ದೆ. ತೋಟದ ಮಣ್ಣು ತುಂಬಿ, ದಿನಾ ಎರಡು ಹೊತ್ತು ನೀರು ಹಾಕಿದೆ. ಗಿಡ ಸಪೂರವಾಗಿ ಉದ್ದ ಬೆಳೆಯಿತು, ಕೆಳಗಿನ ಎಲೆಗಳು ಹಳದಿಯಾದವು, ನಾಲ್ಕು ಹೂ ಬಿಟ್ಟು ಅವೂ ಉದುರಿದವು. ಒಂದು ಕಾಯಿಯೂ ಸಿಗಲಿಲ್ಲ. ತುಂಬಾ ಬೇಜಾರಾಯ್ತು. ಮತ್ತೆ ಶುರು ಮಾಡಬೇಕು ಅಂತ ಆಸೆ ಇದೆ. ಎಲ್ಲಿ ತಪ್ಪಿದೆ?

ಉತ್ತರ (ತೋಟಗಾರಿಕೆ ತಜ್ಞೆ): ನಮಸ್ಕಾರ. ನೀವು ಆರೈಕೆ ಕಡಿಮೆ ಮಾಡಿಲ್ಲ. ಆ ಜಾಗಕ್ಕೆ ಒಗ್ಗದ ಗಿಡವನ್ನು ಆರಿಸಿಕೊಂಡಿರಿ, ಅಷ್ಟೇ. ಟೊಮೆಟೊಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಕು ಸಾಲದಿದ್ದರೆ ಗಿಡ ಅದನ್ನು ಹುಡುಕಿಕೊಂಡು ಸಪೂರವಾಗಿ ಎತ್ತರ ಬೆಳೆಯುತ್ತದೆ. ಕಾಯಿ ಕಟ್ಟುವಷ್ಟು ಶಕ್ತಿ ಅದರಲ್ಲಿ ಉಳಿಯುವುದಿಲ್ಲ.

ಅದಕ್ಕೇ ಬೀಜ ತರುವ ಮೊದಲು ಒಂದು ಕೆಲಸ ಮಾಡಿ. ಮೋಡ ಇಲ್ಲದ ಒಂದು ದಿನ, ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ ಬಿಸಿಲು ಎಲ್ಲಿ ಬಿದ್ದಿದೆ ಅಂತ ಬರೆದಿಡಿ. ನೆಲದ ಮಟ್ಟದಲ್ಲಿ ಬೇರೆ, ಕಟ್ಟೆಯ ಎತ್ತರದಲ್ಲಿ ಬೇರೆ ನೋಡಿ. ಮುಂದಿನ ಗೋಡೆಯ ನೆರಳಿನಿಂದಾಗಿ ನೆಲಕ್ಕೆ 3 ಗಂಟೆ ಬಿಸಿಲು ಸಿಗುವ ಜಾಗದಲ್ಲೇ, ಸ್ಟೂಲಿನ ಎತ್ತರಕ್ಕೆ 4 ಗಂಟೆ ಸಿಗಬಹುದು. ಆ ಒಂದು ಗಂಟೆ ಗಿಡಕ್ಕೆ ದೊಡ್ಡದು. ಕಾಲ ಬದಲಾದಂತೆ ಬಿಸಿಲಿನ ದಾರಿಯೂ ಬದಲಾಗುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ.

3–4 ಗಂಟೆ ಸಿಕ್ಕರೆ ಸೊಪ್ಪು ಚೆನ್ನಾಗಿ ಬರುತ್ತದೆ. ಪಾಲಕ್, ಮೆಂತ್ಯ, ಹರಿವೆ, ಕೊತ್ತಂಬರಿ, ಪುದೀನ. 5 ಗಂಟೆ ದಾಟಿದರೆ ಒಂದು ಮೆಣಸಿನಕಾಯಿ ಗಿಡ ಇಟ್ಟು ನೋಡಬಹುದು. ಕಾಯಿ ಸ್ವಲ್ಪ ಕಡಿಮೆ ಬಿಡುತ್ತದೆ, ಆದರೆ ಬಿಡುತ್ತದೆ. ಟೊಮೆಟೊ, ಬದನೆ, ಬೆಂಡೆ ಈ ಬಾಲ್ಕನಿಗೆ ಬೇಡ.

ಪ್ರಶ್ನೆ: ಸರಿ ಮೇಡಂ, ಸೊಪ್ಪಿನಿಂದಲೇ ಶುರು ಮಾಡುತ್ತೇನೆ. ಹಳೆಯ ಕುಂಡಗಳು ಸಾಕಾಗುತ್ತವಾ? ಮಣ್ಣು ಅದೇ ಇರಲಾ? ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತಾರೆ, ಅದು ನಿಜಾನಾ?

ಉತ್ತರ: ಜಲ್ಲಿಯ ವಿಷಯ ಮೊದಲು ಹೇಳುತ್ತೇನೆ. ಇದನ್ನು ಎಲ್ಲರೂ ಕೇಳುತ್ತಾರೆ. ಜಲ್ಲಿ ಹಾಕಬೇಡಿ.

ಒಂದು ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದೇ ಸ್ಪಂಜನ್ನು ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ, ಅಲ್ವಾ? ಸ್ಪಂಜು ಅದೇ, ಎತ್ತರ ಮಾತ್ರ ಜಾಸ್ತಿಯಾಯಿತು. ಕುಂಡದಲ್ಲಿ ಆಗುವುದೂ ಹೀಗೇ. ಎಷ್ಟೇ ಬಸಿದರೂ ಮಣ್ಣಿನ ತಳದ ಒಂದು ಪದರ ನೀರು ಹಿಡಿದುಕೊಂಡೇ ಇರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಹೋಗುವುದಿಲ್ಲ. ಜಲ್ಲಿಯ ಮೇಲಕ್ಕೆ ಬಂದು, ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಸಣ್ಣ ಸಂದುಗಳಿರುವ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದೇ ಇಲ್ಲ. ತಳದಲ್ಲಿ ನಾಲ್ಕೈದು ತೂತು ಇರಲಿ. ಮಣ್ಣು ಜಾರದಂತೆ ಅವುಗಳ ಮೇಲೆ ಒಂದು ತುಂಡು ಸೊಳ್ಳೆ ಪರದೆ ಹಾಸಿ. ಅಷ್ಟು ಸಾಕು.

ಬರೀ ತೋಟದ ಮಣ್ಣು ಕುಂಡದಲ್ಲಿ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಅದರ ಮೇಲೆ ದಿನಕ್ಕೆ ಎರಡು ಸಲ ನೀರು ಬಿದ್ದರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ನಿಮ್ಮ ಟೊಮೆಟೊ ಎಲೆ ಹಳದಿಯಾಗಲು ಇದೂ ಕಾರಣ ಇರಬೇಕು. ನಾನು ಹೇಳುವ ಅಳತೆ ಸುಲಭ: ಒಂದು ಪಾಲು ಮಣ್ಣು, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದು. ಅದನ್ನು ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ ಬಳಸಿ. ಅದು ನೀರು ಹಿಡಿದಿಡುತ್ತದೆ, ಆದರೆ ಗಿಡಕ್ಕೆ ಆಹಾರ ಕೊಡುವುದು ಗೊಬ್ಬರವೇ. ಹಳೆಯ ಮಣ್ಣನ್ನು ಎಸೆಯಬೇಡಿ. ಹೆಂಟೆ ಒಡೆದು, ಹಳೆಯ ಬೇರು ತೆಗೆದು, ಇದೇ ಮಿಶ್ರಣಕ್ಕೆ ಬಳಸಿ.

ಸೊಪ್ಪಿಗೆ ಕುಂಡ ಅಗಲವಾಗಿರಬೇಕು, ಆಳ 15 ಸೆಂಟಿಮೀಟರ್ ಇದ್ದರೂ ನಡೆಯುತ್ತದೆ. ಮೆಣಸಿಗೆ 25–30 ಸೆಂಟಿಮೀಟರ್ ಆಳ ಕೊಡಿ.

ನೀರಿಗೆ ಗಡಿಯಾರ ನೋಡಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತೇವ ಇದ್ದರೆ ಬಿಡಿ. ಒಣಗಿದ್ದರೆ ತೂತಿನಿಂದ ನೀರು ಹೊರಬರುವವರೆಗೆ ನಿಧಾನವಾಗಿ ಹಾಕಿ. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಬೇರೂ ಮೇಲೆಯೇ ಉಳಿಯುತ್ತದೆ.

ಗುಂಪಿನ ಇನ್ನೊಬ್ಬರು: ಮೇಡಂ, ನಡುವೆ ಕೇಳುತ್ತಿದ್ದೇನೆ. ನಮ್ಮದು ಎತ್ತರದ ಮಹಡಿ, ಬಿಸಿಲು ದಿನವಿಡೀ ಇದೆ. ಹೀರೆ ಬಳ್ಳಿ ತುಂಬಾ ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ಗೊಬ್ಬರ ಜಾಸ್ತಿ ಮಾಡಲಾ?

ಉತ್ತರ: ಬೇಡ ಸರ್. ಗೊಬ್ಬರದಲ್ಲಿ ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕಿ ಬೆಳೆಯುತ್ತದೆ, ಹೂ ಕಡಿಮೆಯಾಗುತ್ತದೆ. ಹೀರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಮೊದಮೊದಲು ಗಂಡು ಹೂಗಳೇ ಜಾಸ್ತಿ ಬಿಡುತ್ತವೆ, ಅವು ಉದುರಿದರೆ ಚಿಂತೆ ಬೇಡ. ಹೀಚೇ ಹಳದಿಯಾಗಿ ಬೀಳುತ್ತಿದ್ದರೆ ಪರಾಗ ಸಿಕ್ಕಿಲ್ಲ ಅಂತ ಅರ್ಥ ಇರಬಹುದು. ಅಷ್ಟು ಎತ್ತರಕ್ಕೆ ಜೇನುನೊಣ ಬರುವುದು ಕಡಿಮೆ. ಹೀರೆ ಹೂ ಸಂಜೆ ಅರಳುತ್ತದೆ. ಆಗ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಟೊಮೆಟೊ, ಮೆಣಸಿಗೆ ಇಷ್ಟು ಕೆಲಸ ಇಲ್ಲ, ಹೂಗೊಂಚಲನ್ನು ಬೆರಳಿನಿಂದ ತಟ್ಟಿದರೆ ಸಾಕು.

ಎತ್ತರದಲ್ಲಿ ಗಾಳಿಯೂ ಜೋರು. ಮಣ್ಣು ಬೇಗ ಒಣಗುತ್ತದೆ, ಬಳ್ಳಿಗೆ ಗಟ್ಟಿ ಆಸರೆ ಬೇಕು. ಇನ್ನೊಂದು ಮಾತು, ದಯವಿಟ್ಟು ಕುಂಡಗಳನ್ನು ಕಟ್ಟೆಯ ಮೇಲೆ ಇಡಬೇಡಿ. 20 ಲೀಟರಿನ ಕುಂಡಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ತೂಕ 30 ಕಿಲೋ ದಾಟುತ್ತದೆ. ಕೆಳಗೆ ಜನ ಓಡಾಡುತ್ತಾರೆ. ಭಾರದ ಕುಂಡಗಳು ಮನೆಯ ಗೋಡೆ ಕಡೆ ಇರಲಿ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ಕೊನೆಯದಾಗಿ ಎರಡು. ಎಷ್ಟು ಕುಂಡದಿಂದ ಶುರು ಮಾಡಲಿ? ಹುಳ ಬಂದರೆ ಏನು ಮಾಡಲಿ?

ಉತ್ತರ: ಹುಳಕ್ಕೆ ಮೊದಲ ಮದ್ದು ನಿಮ್ಮ ಕಣ್ಣು. ಎರಡು ದಿನಕ್ಕೊಮ್ಮೆ ಎಲೆ ಮಗುಚಿ ನೋಡಿ. ಗಿಡದ ಹೇನು, ಬಿಳಿ ನೊಣ ಅಡಗುವುದು ಎಲೆಯ ಅಡಿಯಲ್ಲೇ. ಸ್ವಲ್ಪ ಇದ್ದಾಗ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ನಾಲ್ಕು ಕುಂಡ ಸಾಕು. ಅಗಲದ ಮೂರರಲ್ಲಿ ಮೆಂತ್ಯ, ಪಾಲಕ್, ಹರಿವೆ. ಬಿಸಿಲು ಹೆಚ್ಚು ಸಿಗುವ ಮೂಲೆಯಲ್ಲಿ ಒಂದು ಮೆಣಸು. ಒಂದೇ ದಿನ ಎಲ್ಲ ಬೀಜ ಹಾಕಬೇಡಿ. ಮೆಂತ್ಯ ಮೂರೂವರೆ ನಾಲ್ಕು ವಾರದಲ್ಲಿ ಕೈಗೆ ಬರುತ್ತದೆ, ಅದನ್ನು ಮೊದಲು ಹಾಕಿ. ಮೆಂತ್ಯ, ಪಾಲಕ್ ಬೀಜಗಳನ್ನು ಅವುಗಳ ದಪ್ಪದ ಎರಡರಷ್ಟು ಆಳಕ್ಕೆ ಮುಚ್ಚಿದರೆ ಸಾಕು. ಹರಿವೆ ಬೀಜ ತೀರಾ ಸಣ್ಣದು, ಅದರ ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಒತ್ತಾಗಿ ಮೊಳೆತರೆ ನಡುನಡುವೆ ಕೀಳಿ. ಜೀವ ಇರುವ ಸಸಿ ಕೀಳಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೂ ಕೀಳಿ, ಉಳಿದವು ದಷ್ಟಪುಷ್ಟವಾಗಿ ಬರುತ್ತವೆ. ಕಿತ್ತ ಎಳೆ ಸಸಿಯೂ ಅಡುಗೆಗೆ ಆಗುತ್ತದೆ.

ಪಾಲಕ್ ಕೊಯ್ಯುವಾಗ ಮಾತ್ರ ಬುಡ ಸಮೇತ ಕೀಳಬೇಡಿ. ಹೊರಗಿನ ದೊಡ್ಡ ಎಲೆಗಳನ್ನು ಕತ್ತರಿಸಿ, ನಡುವಿನ ಎಳೆ ಚಿಗುರು ಬಿಡಿ. ಹರಿವೆಯನ್ನು ಬುಡದಿಂದ ಮೂರು ಇಂಚು ಬಿಟ್ಟು ಕತ್ತರಿಸಿ. ಆಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ ನೀರು ಕೊಡಿ. ಮತ್ತೆ ಚಿಗುರುತ್ತದೆ. ಮೊದಲ ಕೊಯ್ಲಿನ ಫೋಟೋ ಇಲ್ಲಿ ಹಾಕಿ, ನೋಡಬೇಕು ಅಂತ ನನಗೂ ಆಸೆ.